ಒಂದು ಸಿಟಿ ಸ್ಕ್ಯಾನ್‌ನ ಬೆನ್ನು ಹತ್ತಿ: ಪಿಜಿ ಡಾಕ್ಟರುಗಳಿಗೆ ಕ್ಲಿನಿಕಲ್ ಮತ್ತು ಇಮೇಜಿಂಗ್ ಇನ್ಫರ್ಮ್ಯಾಟಿಕ್ಸ್ ಕಲಿಸುವ ಸಮಗ್ರ ಮಾರ್ಗದರ್ಶಿ

ಇನ್ಫರ್ಮ್ಯಾಟಿಕ್ಸ್, ಅಂದರೆ ಆಸ್ಪತ್ರೆಯ ಮಾಹಿತಿ ಮತ್ತು ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ನಿಭಾಯಿಸುವ ವಿದ್ಯೆ, ಕಲಿಸಬೇಕು ಅಂದ ಕೂಡಲೇ ಹೆಚ್ಚಿನ ಕಡೆ ಒಂದೋ ಪೈಥಾನ್ ಕ್ಲಾಸ್ ಶುರುವಾಗುತ್ತದೆ, ಇಲ್ಲವೇ ಎಐ ಬಗ್ಗೆ ಒಂದು ದಿನದ ಭಾಷಣ ಇಡುತ್ತಾರೆ. ಅದೆಲ್ಲ ಮುಗಿದ ಮೇಲೆ ಒಬ್ಬ ಪಿಜಿಯನ್ನು (ಸ್ನಾತಕೋತ್ತರ ಓದುತ್ತಿರುವ ಡಾಕ್ಟರನ್ನು) ಕರೆದು ಕೇಳಿ ನೋಡಿ: "ವಾರ್ಡ್‌ನಲ್ಲಿ ನೀನು ಹಾಕಿದ ಸಿಟಿ ರಿಕ್ವೆಸ್ಟ್ ಸ್ಕ್ಯಾನ್ ರೂಮಿಗೆ ಹೇಗಪ್ಪಾ ಹೋಗುತ್ತೆ?" ಸುಮ್ಮನೆ ನಿಮ್ಮ ಮುಖ ನೋಡುತ್ತಾರೆ. ದಿನವೂ ಬಳಸುವ ವ್ಯವಸ್ಥೆಯ ಒಳಗೆ ಏನು ನಡೆಯುತ್ತದೆ ಅಂತ ಅವರಿಗೆ ಯಾರೂ ತೋರಿಸಿರುವುದಿಲ್ಲ.

ಈ ಮಾರ್ಗದರ್ಶಿ ಮೆಡಿಕಲ್ ಕಾಲೇಜಿನಲ್ಲೋ, ಡಿಎನ್‌ಬಿ (ಸ್ನಾತಕೋತ್ತರ ವೈದ್ಯಕೀಯ ಕೋರ್ಸ್) ಸೀಟು ಇರುವ ಆಸ್ಪತ್ರೆಯಲ್ಲೋ ಪಾಠ ಮಾಡುವವರಿಗೆ. ನನ್ನ ಪಟ್ಟು ಒಂದೇ: ಒಬ್ಬ ರೋಗಿಯ ಮಾಹಿತಿಯನ್ನು ರಿಜಿಸ್ಟ್ರೇಷನ್ ಕೌಂಟರ್‌ನಿಂದ ರಿಪೋರ್ಟ್‌ವರೆಗೆ ಬೆನ್ನು ಹತ್ತಿ ಹೋಗುವುದನ್ನು ಮೊದಲು ಕಲಿಸಿ. ಕೋಡಿಂಗ್, ಎಐ ಎಲ್ಲ ಆಮೇಲೆ.

ಶುರು ಮಾಡುವ ಮುಂಚೆ: ಯಾರಿಗೆ, ಎಷ್ಟು

ಅಮೆರಿಕದಲ್ಲಿ ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್‌ಗೆ 2011ರಲ್ಲೇ ಸಬ್‌ಸ್ಪೆಷಾಲಿಟಿ ಮಾನ್ಯತೆ ಸಿಕ್ಕಿತು. ಮೊದಲ ಬೋರ್ಡ್ ಪರೀಕ್ಷೆ 2013ರಲ್ಲಿ ನಡೆಯಿತು. ಅಲ್ಲಿ ಅದು ಎರಡು ವರ್ಷದ ಫೆಲೋಶಿಪ್. ಫಿಸಿಷಿಯನ್, ಮಕ್ಕಳ ಡಾಕ್ಟರ್, ಪೆಥಾಲಜಿಸ್ಟ್, ರೇಡಿಯಾಲಜಿಸ್ಟ್ ಹೀಗೆ ಬೇರೆ ಬೇರೆ ವಿಭಾಗದವರು ಸೇರುತ್ತಾರೆ. ರೇಡಿಯಾಲಜಿ ರೆಸಿಡೆಂಟ್‌ಗಳಿಗೆಂದೇ ಎಸ್‌ಐಐಎಂ ಮತ್ತು ಆರ್‌ಎಸ್‌ಎನ್‌ಎ ಎಂಬ ಅಲ್ಲಿನ ವೃತ್ತಿ ಸಂಸ್ಥೆಗಳು ಸೇರಿ 2017ರಲ್ಲಿ ಇಮೇಜಿಂಗ್ ಇನ್ಫರ್ಮ್ಯಾಟಿಕ್ಸ್‌ನ ಚಿಕ್ಕದೊಂದು ಕೋರ್ಸ್ ಶುರು ಮಾಡಿದವು. ನಾವು ಅಷ್ಟು ದೊಡ್ಡದಕ್ಕೆ ಕೈ ಹಾಕುವುದು ಬೇಡ. ವಾರಕ್ಕೊಂದು ಮಧ್ಯಾಹ್ನ, ಎರಡು ಗಂಟೆ, ಒಂದು ವರ್ಷ. ಇಷ್ಟು ಸಿಕ್ಕರೆ ಸಾಕಷ್ಟು ಮಾಡಬಹುದು.

ಎಲ್ಲರಿಗೂ ಎಲ್ಲವನ್ನೂ ಕಲಿಸಲು ಹೋಗಬೇಡಿ. ಮೊದಲ ಮೂರು ಹೆಜ್ಜೆ ಎಲ್ಲ ಪಿಜಿಗಳಿಗೂ ಬೇಕು. ಉಳಿದದ್ದು ಆಸಕ್ತಿ ಇರುವ ಇಬ್ಬರು ಮೂವರಿಗೆ. ಬ್ಯಾಚ್ ಮಾತ್ರ ಬೆರಕೆ ಇರಲಿ. ರೇಡಿಯಾಲಜಿಯವರ ಜೊತೆ ಮೆಡಿಸಿನ್, ಸರ್ಜರಿಯವರೂ ಕೂರಲಿ. ರಿಕ್ವೆಸ್ಟ್ ಬರೆಯುವವರು ಮತ್ತು ಅದನ್ನು ಓದುವವರು ಒಂದೇ ಟೇಬಲ್ ಸುತ್ತ ಕೂತರೆ ಅರ್ಧ ಪಾಠ ತಾನಾಗಿಯೇ ಆಗುತ್ತದೆ.

ಹೆಜ್ಜೆ 1: ನಡೆದುಕೊಂಡೇ ನೋಡಿ

ಮೊದಲ ಕ್ಲಾಸಿಗೆ ಪ್ರೊಜೆಕ್ಟರ್ ಬೇಡ. ತಲೆಯ ಸಿಟಿಗೆ ಬಂದ ಒಬ್ಬ ರೋಗಿಯ ದಾರಿಯಲ್ಲೇ ಪಿಜಿಗಳನ್ನು ನಡೆಸಿ. ರಿಜಿಸ್ಟ್ರೇಷನ್ ಕೌಂಟರ್, ವಾರ್ಡ್‌ನ ಕಂಪ್ಯೂಟರ್, ಬಿಲ್ಲಿಂಗ್, ಸಿಟಿ ಕನ್ಸೋಲ್, ರಿಪೋರ್ಟಿಂಗ್ ರೂಮ್, ಕೊನೆಗೆ ಎಂಆರ್‌ಡಿ, ಅಂದರೆ ರೋಗಿಗಳ ದಾಖಲೆ ವಿಭಾಗ. ಪ್ರತಿ ಜಾಗದಲ್ಲೂ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಲಿ. ಇಲ್ಲಿ ಏನನ್ನು ಕೈಯಲ್ಲಿ ಟೈಪ್ ಮಾಡುತ್ತಾರೆ? ಯಾವುದು ತಾನಾಗಿ ಬರುತ್ತದೆ? ತಪ್ಪಾದರೆ ಯಾರಿಗೆ, ಯಾವಾಗ ಗೊತ್ತಾಗುತ್ತದೆ?

ಮೂರನೇ ಪ್ರಶ್ನೆಗೆ ಬರುವ ಉತ್ತರಗಳೇ ಇಡೀ ವರ್ಷದ ಪಠ್ಯ.

ಸಿಟಿ ಕನ್ಸೋಲ್ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಮೊಡಾಲಿಟಿ ವರ್ಕ್‌ಲಿಸ್ಟ್ (ಸ್ಕ್ಯಾನ್ ಆಗಬೇಕಾದವರ ಪಟ್ಟಿ) ಇದ್ದರೆ ರೋಗಿಯ ಹೆಸರು, ಯುಹೆಚ್‌ಐಡಿ (ಆಸ್ಪತ್ರೆ ರೋಗಿಗೆ ಕೊಡುವ ನಂಬರ್), ಆಕ್ಸೆಷನ್ ನಂಬರ್ (ಆ ಒಂದು ಸ್ಕ್ಯಾನ್‌ನ ನಂಬರ್) ಎಲ್ಲ ಆಸ್ಪತ್ರೆಯ ಸಿಸ್ಟಂನಿಂದ ನೇರವಾಗಿ ಕನ್ಸೋಲ್‌ಗೆ ಬಂದಿರುತ್ತದೆ. ಟೆಕ್ನಿಷಿಯನ್ ಸರಿಯಾದ ಸಾಲನ್ನು ಆರಿಸಿದರೆ ಸಾಕು. ವರ್ಕ್‌ಲಿಸ್ಟ್ ಇಲ್ಲದಿದ್ದರೆ ಅವರೇ ಟೈಪ್ ಮಾಡಬೇಕು. ಹೊರಗೆ ಇಪ್ಪತ್ತು ಜನ ಕಾಯುತ್ತಿರುವಾಗ ಹದಿನಾಲ್ಕು ಅಂಕಿಯ ನಂಬರ್ ಟೈಪ್ ಮಾಡುವುದು ಹೇಗಿರುತ್ತದೆ ಅಂತ ಪಿಜಿಗಳು ಕಣ್ಣಾರೆ ನೋಡಲಿ.

ಇಲ್ಲಿ ನಮ್ಮ ಕಡೆಯದೇ ಒಂದು ತಾಪತ್ರಯ ಇದೆ. ಸ್ಕ್ಯಾನ್ ಚಿತ್ರಗಳನ್ನು ಇಡಲು, ಕಳಿಸಲು ಬಳಸುವ ಡೈಕಾಮ್ ಎಂಬ ಸ್ಟ್ಯಾಂಡರ್ಡ್‌ನಲ್ಲಿ ರೋಗಿಯ ಹೆಸರಿಗೆ ಐದು ಭಾಗ: ಕುಟುಂಬದ ಹೆಸರು, ಇಟ್ಟ ಹೆಸರು, ನಡುವಿನ ಹೆಸರು, ಹೆಸರಿಗೆ ಮೊದಲು ಬರುವ 'ಡಾ.'ನಂಥದ್ದು, ಕೊನೆಗೆ ಬರುವ 'ಜೂನಿಯರ್'ನಂಥದ್ದು. ಈಗ ಕೆ.ಎನ್. ಲಕ್ಷ್ಮಮ್ಮ ಅವರನ್ನು ಈ ಐದು ಖಾನೆಗೆ ತುಂಬಿ ನೋಡೋಣ. ಕುಟುಂಬದ ಹೆಸರೇ ಇಲ್ಲ. 'ಕೆ' ಅಂದರೆ ಊರು, 'ಎನ್' ಅಂದರೆ ಅಪ್ಪನ ಹೆಸರು. ಒಬ್ಬರು ಇನಿಶಿಯಲ್‌ಗಳನ್ನು ಮೊದಲು ಹಾಕುತ್ತಾರೆ, ಇನ್ನೊಬ್ಬರು ಕೊನೆಗೆ. ಇನ್ನೊಬ್ಬರು ಚುಕ್ಕೆ ಬಿಡುತ್ತಾರೆ. ಇಂಗ್ಲಿಷಿನಲ್ಲಿ 'ಲಕ್ಷ್ಮಮ್ಮ' ಬರೆಯಲು ಕಡಿಮೆ ಅಂದರೂ ನಾಲ್ಕು ಬಗೆ ಇದೆ. ಹೋದ ವರ್ಷದ ಸ್ಕ್ಯಾನ್ ಹುಡುಕಿದರೆ ಸಿಗುವುದಿಲ್ಲ, "ಹಳೆಯ ಸ್ಕ್ಯಾನ್ ಇಲ್ಲ" ಅಂತ ರಿಪೋರ್ಟ್ ಹೋಗುತ್ತದೆ. ಹಳೆಯದಕ್ಕೆ ಹೋಲಿಸಿ ನೋಡಿದ್ದರೆ ಗಡ್ಡೆ ಬೆಳೆದದ್ದು ಗೊತ್ತಾಗುತ್ತಿತ್ತು. ಹೆಸರಿನ ಮೇಲೆ ನಂಬಿಕೆ ಇಡಬಾರದು, ಗುರುತಿಗೆ ನಂಬರೇ ಬೇಕು ಅಂತ ಇದಾದ ಮೇಲೆ ಬೇರೆ ಹೇಳಬೇಕಾಗುವುದಿಲ್ಲ.

ಅಪಘಾತವಾಗಿ ಪ್ರಜ್ಞೆ ಇಲ್ಲದೆ ಬಂದವರ ಕಥೆಯನ್ನೂ ಕೇಳಿಸಿ. 'ಅನ್‌ನೋನ್ ಮೇಲ್' ಅಂತ ಸ್ಕ್ಯಾನ್ ಆಗುತ್ತದೆ. ಮನೆಯವರು ಬಂದ ಮೇಲೆ ಹೆಸರು ಸಿಗುತ್ತದೆ. ಆಸ್ಪತ್ರೆಯ ಸಿಸ್ಟಂನಲ್ಲಿ ಹೆಸರು ಬದಲಾಯಿತು, ಸ್ಕ್ಯಾನ್ ಚಿತ್ರಗಳನ್ನು ಇಟ್ಟುಕೊಳ್ಳುವ ಪ್ಯಾಕ್ಸ್ ಎಂಬ ಸಿಸ್ಟಂನಲ್ಲಿ ಬದಲಾಯಿತೇ? ಬದಲಿಸುವುದು ಯಾರ ಕೆಲಸ? ನಿಮ್ಮಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಮೊದಲ ಪ್ರಾಜೆಕ್ಟ್ ಸಿಕ್ಕಿತು ಅಂತಲೇ ಲೆಕ್ಕ.

ಹೆಜ್ಜೆ 2: ಹಳೆಯ ಕಂಪ್ಯೂಟರ್‌ನಲ್ಲಿ ಒಂದು ಪುಟ್ಟ ಪ್ಯಾಕ್ಸ್

ಆಸ್ಪತ್ರೆಯ ನಿಜವಾದ ಪ್ಯಾಕ್ಸ್ ಮೇಲೆ ಯಾರೂ ಪ್ರಯೋಗ ಮಾಡಬಾರದು. ಮೂಲೆಯಲ್ಲಿ ಬಿದ್ದಿರುವ ಎರಡು ಕಂಪ್ಯೂಟರ್ ತನ್ನಿ. ಆಸ್ಪತ್ರೆಯ ನೆಟ್‌ವರ್ಕ್‌ಗೆ ಸೇರಿಸದೆ ಬೇರೆ ಸ್ವಿಚ್‌ನಲ್ಲಿ ಅವೆರಡನ್ನೂ ಜೋಡಿಸಿ. ಒಂದರಲ್ಲಿ ಆರ್ಥ್ಯಾಂಕ್ ಹಾಕಿ. ಬೆಲ್ಜಿಯಂನ ಲಿಯೇಜ್‌ನಲ್ಲಿ ಹುಟ್ಟಿದ ಉಚಿತ ಡೈಕಾಮ್ ಸರ್ವರ್ ಅದು. ಇನ್ನೊಂದರಲ್ಲಿ ಚಿತ್ರ ನೋಡಲು 3ಡಿ ಸ್ಲೈಸರ್ ಹಾಕಿ. ಚಿತ್ರಗಳಿಗೆ ದಿ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್‌ನಂಥ ಸಾರ್ವಜನಿಕ ಸಂಗ್ರಹ ಇದೆ. ನಮ್ಮ ರೋಗಿಗಳ ಚಿತ್ರ ಇಲ್ಲಿಗೆ ಬೇಡವೇ ಬೇಡ.

ಎರಡು ಯಂತ್ರ ಮಾತಾಡಲು ಮೂರು ವಿಷಯ ಹೊಂದಬೇಕು: ಎಇ ಟೈಟಲ್ (ಡೈಕಾಮ್‌ನಲ್ಲಿ ಆ ಯಂತ್ರದ ಹೆಸರು), ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ನಂಬರ್), ಪೋರ್ಟ್ (ಒಳಬರುವ ಬಾಗಿಲಿನ ನಂಬರ್). ಆರ್ಥ್ಯಾಂಕ್‌ನಲ್ಲಿ ಮೊದಲೇ ಇರುವ ಡೈಕಾಮ್ ಪೋರ್ಟ್ 4242, ಬ್ರೌಸರ್‌ನಲ್ಲಿ ತೆರೆಯಲು 8042. ಮೊದಲು ಸಿ-ಎಕೋ ಕಳಿಸಿ. ಫೋನ್‌ನಲ್ಲಿ "ಹಲೋ, ಕೇಳಿಸ್ತಾ ಇದೆಯಾ?" ಅಂದ ಹಾಗೆ ಅದು. ಉತ್ತರ ಬಂದ ಮೇಲೆ ಸಿ-ಸ್ಟೋರ್‌ನಿಂದ ಚಿತ್ರ ಕಳಿಸಿ, ಸಿ-ಫೈಂಡ್‌ನಿಂದ ಹುಡುಕಿ. ಆಮೇಲೆ ಬೇಕಂತಲೇ ಎಇ ಟೈಟಲ್‌ನಲ್ಲಿ ಒಂದು ಅಕ್ಷರ ಕೆಡಿಸಿ, ಏನಾಗುತ್ತದೆ ಅಂತ ನೋಡಲಿ. "ಪ್ಯಾಕ್ಸ್ ಡೌನ್ ಆಗಿದೆ" ಅಂತ ಫೋನ್ ಮಾಡುವ ಬದಲು "ಸಿಟಿಯಿಂದ ಎಕೋ ಬರ್ತಿದೆ, ಸ್ಟೋರ್ ಮಾತ್ರ ಆಗ್ತಿಲ್ಲ" ಅಂತ ಹೇಳಬಲ್ಲ ಡಾಕ್ಟರ್ ಇದ್ದರೆ ಐಟಿಯವರ ಅರ್ಧ ಗಂಟೆ ಉಳಿಯುತ್ತದೆ.

ಮುಂದೆ ಫೈಲಿನ ಒಳಗೆ ಇಳಿಯಿರಿ. ಡೈಕಾಮ್ ಫೈಲಿನಲ್ಲಿ ಚಿತ್ರದ ಜೊತೆ ನೂರಾರು ಟ್ಯಾಗ್ ಇರುತ್ತವೆ. (0010,0010) ಅಂದರೆ ರೋಗಿಯ ಹೆಸರು, (0010,0020) ರೋಗಿಯ ಐಡಿ, (0008,0050) ಆಕ್ಸೆಷನ್ ನಂಬರ್. ಒಂದು ಸ್ಟಡಿಯ ಪ್ರತಿ ತೆಗೆದು ಐಡಿಯಲ್ಲಿ ಒಂದೇ ಅಂಕಿ ಬದಲಿಸಿ ಮತ್ತೆ ಕಳಿಸಲು ಹೇಳಿ. ಸರ್ವರ್‌ನಲ್ಲಿ ಈಗ ಇಬ್ಬರು ರೋಗಿಗಳು! ಕೌಂಟರ್‌ನಲ್ಲಿ ನಡೆಯುವ ತಪ್ಪು ಒಳಗೆ ಹೇಗೆ ಕಾಣುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸಲು ಆಗದು.

ವಿಂಡೋ, ಅಂದರೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ಬೂದು ಛಾಯೆಯಲ್ಲಿ ತೋರಿಸಬೇಕು ಎಂಬ ಪಾಠವನ್ನು ಮಾತ್ರ ಅವಸರದಲ್ಲಿ ಮುಗಿಸಬೇಡಿ. ಸಿಟಿಯ ಒಂದು ಪಿಕ್ಸೆಲ್‌ಗೆ ಸಾಮಾನ್ಯವಾಗಿ 12 ಬಿಟ್, ಅಂದರೆ 4096 ಮಟ್ಟ. ಫೈಲಿನಲ್ಲಿರುವ ಸಂಖ್ಯೆಯನ್ನು ಸ್ಲೋಪ್‌ನಿಂದ ಗುಣಿಸಿ ಇಂಟರ್‌ಸೆಪ್ಟ್ ಕೂಡಿಸಿದರೆ ಹೌನ್ಸ್‌ಫೀಲ್ಡ್ ಯೂನಿಟ್ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಬರುತ್ತದೆ. ಫೈಲಿನಲ್ಲಿ 1064 ಇದೆ, ಸ್ಲೋಪ್ 1, ಇಂಟರ್‌ಸೆಪ್ಟ್ ಮೈನಸ್ 1024 ಅಂದುಕೊಳ್ಳಿ. ಉತ್ತರ 40. ಮಿದುಳಿಗೆ ಲೆವೆಲ್ (ನಡುವಿನ ಸಂಖ್ಯೆ) 40, ವಿಡ್ತ್ (ಒಟ್ಟು ಅಗಲ) 80 ಇಟ್ಟರೆ ಸೊನ್ನೆಗಿಂತ ಕೆಳಗಿನದ್ದೆಲ್ಲ ಕಪ್ಪು, 80ಕ್ಕಿಂತ ಮೇಲಿನದ್ದೆಲ್ಲ ಬಿಳಿ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಸಿ. ಈಗ ಅದೇ ಸ್ಲೈಸನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ತಲೆಬುರುಡೆಯ ಬಿರುಕು ನೋಡಲು ಬೋನ್ ವಿಂಡೋ ಹಾಕಿ ಅನ್ನಿ. ಆಗುವುದಿಲ್ಲ, ಯಾಕೆಂದರೆ ಆ ಸಂಖ್ಯೆಗಳು ಫೋಟೋದಲ್ಲಿ ಇಲ್ಲವೇ ಇಲ್ಲ. ರಾತ್ರಿ ಡ್ಯೂಟಿಯಲ್ಲಿ ವಾಟ್ಸಾಪ್ ಚಿತ್ರ ನೋಡಿ ಒಪಿನಿಯನ್ ಕೊಡುವುದು ಯಾಕೆ ಅಪಾಯ ಅಂತ ಸರ್ಕ್ಯುಲರ್ ಕಳಿಸುವುದಕ್ಕಿಂತ ಈ ಒಂದು ಅಭ್ಯಾಸ ಲೇಸು.

ಹೆಜ್ಜೆ 3: ಹೆಸರು ಅಳಿಸುವುದು ಅಷ್ಟು ಸುಲಭ ಅಲ್ಲ

ಥೀಸಿಸ್‌ಗೆ, ಕಾನ್ಫರೆನ್ಸ್‌ಗೆ ಚಿತ್ರ ಬೇಕೇ ಬೇಕು. "ಹೆಸರು ತೆಗೆದಿದ್ದೀವಿ ಸರ್" ಅನ್ನುತ್ತಾರೆ. ಒಂದು ಆಟ ಆಡಿಸಿ. ಕಲ್ಪಿತ ಹೆಸರುಗಳನ್ನು ಹಾಕಿದ ಒಂದು ಫೋಲ್ಡರ್ ತಯಾರಿಸಿ, ಅದರಿಂದ ಹೆಸರಿನ ಟ್ಯಾಗ್ ಮಾತ್ರ ಅಳಿಸಿ, "ರೋಗಿಯನ್ನು ಹುಡುಕಿ" ಅಂತ ಕೊಡಿ. ಹುಟ್ಟಿದ ತಾರೀಖು ಒಂದು ಟ್ಯಾಗ್‌ನಲ್ಲಿ ಸಿಗುತ್ತದೆ. ಕಂಪನಿಯವರು ತಮಗಾಗಿ ಇಟ್ಟುಕೊಂಡ ಪ್ರೈವೇಟ್ ಟ್ಯಾಗ್‌ನಲ್ಲಿ ಐಡಿ ಉಳಿದಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಂತೂ ಹೆಸರು ಚಿತ್ರದ ಪಿಕ್ಸೆಲ್‌ಗಳಲ್ಲೇ ಅಚ್ಚಾಗಿ ಕೂತಿರುತ್ತದೆ, ಟ್ಯಾಗ್ ಅಳಿಸಿದರೆ ಅದು ಹೋಗದು. ತಲೆಯ ತೆಳು ಸ್ಲೈಸ್ ಸಿಟಿಯನ್ನು 3ಡಿ ಮಾಡಿ ತೋರಿಸಿ. ಮುಖವೇ ಎದ್ದು ಬರುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಇಲ್ಲಿ ಪರಿಚಯಿಸಬಹುದು. ಕಾನೂನಿನ ಬಗ್ಗೆ ಉದ್ದ ಭಾಷಣ ಬೇಡ. ಒಪ್ಪಿಗೆ ಯಾವುದಕ್ಕೆ ಪಡೆದಿದ್ದೋ ಅದಕ್ಕೆ ಮಾತ್ರ ಬಳಸಬೇಕು ಅನ್ನುವ ತತ್ವ ತಲೆಗೆ ಹೋದರೆ ಸಾಕು. ರೇಡಿಯಾಲಜಿಯವರಿಗೆ ದಾಖಲೆಯ ಶಿಸ್ತು ಹೊಸದೇನಲ್ಲ. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ಫಾರಂ ಎಫ್ ತುಂಬಿದವರಿಗೆ ಒಂದು ಖಾಲಿ ಖಾನೆಯ ಬೆಲೆ ಏನು ಅಂತ ಚೆನ್ನಾಗಿ ಗೊತ್ತು!

ಹೆಜ್ಜೆ 4: ಬರೆದದ್ದು ಕಂಪ್ಯೂಟರ್‌ಗೆ ಅರ್ಥವಾಗಬೇಕು

ಈಗ ಕ್ಲಿನಿಕಲ್ ಕಡೆಗೆ ಬರೋಣ. ಗುರುತು ತೆಗೆದ ಇಪ್ಪತ್ತು ಡಿಸ್ಚಾರ್ಜ್ ಸಮ್ಮರಿ ಕೊಟ್ಟು "ಇದರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಜನಕ್ಕಿದೆ, ಕಂಪ್ಯೂಟರ್‌ನಲ್ಲಿ ಹುಡುಕಿ" ಅನ್ನಿ. ಸಕ್ಕರೆ ಕಾಯಿಲೆಗೆ ಡಾಕ್ಟರುಗಳು ಬರೆಯುವ 'ಡಿಎಂ' ಅಂತ ಹುಡುಕಿದರೆ 'ಕೆ/ಸಿ/ಒ ಡಿಎಂ' (ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಿರುವವರು) ಅಂತ ಬರೆದವರು ಸಿಗುತ್ತಾರೆ. 'ನೋ ಹೆಚ್/ಒ ಡಿಎಂ' (ಸಕ್ಕರೆ ಕಾಯಿಲೆ ಇರಲಿಲ್ಲ) ಅಂತ ಬರೆದವರೂ ಸಿಗುತ್ತಾರೆ. ಕಾಯಿಲೆಯೇ ಇಲ್ಲದವರು ಪಟ್ಟಿಗೆ ಸೇರಿದರು. 'ಡಯಾಬಿಟಿಕ್ ಆನ್ ಓಹೆಚ್‌ಎ' (ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು) ಅಂತ ಬರೆದವರು ತಪ್ಪಿಸಿಕೊಂಡರು. ಕೊನೆಗೆ ಡಾಕ್ಟರ್ ಸಹಿಯ ಪಕ್ಕದ ಡಿಗ್ರಿಯೂ ಡಿಎಂ ಆಗಿದ್ದರೆ ಆ ಸಮ್ಮರಿಯೂ ಪಟ್ಟಿಗೆ!

ಇಷ್ಟು ಒದ್ದಾಡಿದ ಮೇಲೆ ಕೋಡ್‌ಗಳ ಬಗ್ಗೆ ಹೇಳಿ, ಕಿವಿಗೊಟ್ಟು ಕೇಳುತ್ತಾರೆ. ಕಾಯಿಲೆ ಎಣಿಸಲು ಐಸಿಡಿ. ವೈದ್ಯಕೀಯ ವಿವರ ಹಿಡಿದಿಡಲು ಸ್ನೋಮೆಡ್ ಸಿಟಿ. ಲ್ಯಾಬ್ ಟೆಸ್ಟ್‌ಗೆ ಲಾಯಿಂಕ್. ರೇಡಿಯಾಲಜಿ ಪದಗಳಿಗೆ ರ‍್ಯಾಡ್‌ಲೆಕ್ಸ್. ಭಾರತ 2014ರಿಂದ ಸ್ನೋಮೆಡ್‌ನ ಸದಸ್ಯ ದೇಶ, ಹಾಗಾಗಿ ಇಲ್ಲಿ ಬಳಸಲು ಲೈಸೆನ್ಸ್ ಶುಲ್ಕ ಇಲ್ಲ. ಪುಣೆಯಲ್ಲಿ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯಲ್ಲಿರುವ ಎನ್‌ಆರ್‌ಸಿಇಎಸ್ ಎಂಬ ಕೇಂದ್ರ ಇದನ್ನು ನೋಡಿಕೊಳ್ಳುತ್ತದೆ. ಬಾಯಿಪಾಠ ಮಾಡಿಸಬೇಡಿ. ತಮ್ಮ ವಿಭಾಗದ ಹತ್ತು ಸಾಮಾನ್ಯ ಕಾಯಿಲೆಗಳಿಗೆ ಕೋಡ್ ಹುಡುಕಿ, ಇಬ್ಬರು ಆರಿಸಿದ ಕೋಡ್ ಒಂದೇನಾ ಅಂತ ಹೋಲಿಸಿದರೆ ಸಾಕು. ಒಂದೇ ಆಗಿರುವುದು ಅಪರೂಪ.

ಮಾಹಿತಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗಲು ಈಗ ಫೈರ್ ಎಂಬ ಸ್ಟ್ಯಾಂಡರ್ಡ್ ಇದೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದರ ಮೇಲೆಯೇ ನಿಂತಿದೆ. ಅದರ 14 ಅಂಕಿಯ ಆಭಾ (ಆರೋಗ್ಯ ಖಾತೆ) ನಂಬರ್ ಗೊತ್ತಿಲ್ಲದ ಪಿಜಿ ಇಲ್ಲ, ಆದರೆ ಆ ನಂಬರ್‌ಗೆ ಏನು ಜೋಡಣೆಯಾಗುತ್ತದೆ ಅಂತ ಕೇಳಿ ನೋಡಿ. ಸಿಂಥಿಯಾ ಎಂಬ ಉಚಿತ ಸಾಫ್ಟ್‌ವೇರ್ ಕೃತಕ ರೋಗಿಗಳನ್ನು ತಯಾರಿಸಿ ಕೊಡುತ್ತದೆ. ಅವರ ದಾಖಲೆಗಳನ್ನು ಹ್ಯಾಪಿ ಫೈರ್ ಎಂಬ ಸರ್ವರ್‌ಗೆ ಹಾಕಿ, ಒಬ್ಬರ ಹಿಮೋಗ್ಲೋಬಿನ್ ಹುಡುಕಿ ತೆಗೆಯಲಿ. ಅದೇ ರಿಪೋರ್ಟನ್ನು ಪಿಡಿಎಫ್ ಆಗಿ ಲಗತ್ತಿಸಿಯೂ ಕಳಿಸಬಹುದು. ಮನುಷ್ಯರು ಅದನ್ನು ಓದಬಹುದು, ಆದರೆ ಮೂರು ವರ್ಷದ ಹಿಮೋಗ್ಲೋಬಿನ್ ಗ್ರಾಫ್ ಬೇಕು ಅಂದರೆ ಕೂತು ಟೈಪ್ ಮಾಡಬೇಕು. ನನ್ನ ಕೇಳಿದರೆ, ಪಿಡಿಎಫ್ ಕಳಿಸಿ 'ಡಿಜಿಟಲ್ ಆಯಿತು' ಅನ್ನುವುದು ಬರೀ ಲೆಕ್ಕ ತೋರಿಸುವ ಕೆಲಸ.

ಹೆಜ್ಜೆ 5: ಅಲರ್ಟ್ ಬರೆಯುವ ಮುಂಚೆ ಎಣಿಸಿ

ಇದು ಚಿಕ್ಕ ಪಾಠ, ಒಂದು ಮಧ್ಯಾಹ್ನ ಸಾಕು. "ಕಾಂಟ್ರಾಸ್ಟ್ ಸಿಟಿ ಆರ್ಡರ್ ಮಾಡುವಾಗ ಇತ್ತೀಚಿನ ಕ್ರಿಯಾಟಿನಿನ್ ಇಲ್ಲದಿದ್ದರೆ ಅಲರ್ಟ್ ಬರಲಿ" ಎಂಬ ನಿಯಮವನ್ನು ಪಿಜಿಗಳೇ ಬರೆಯಲಿ. (ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ.) ಇತ್ತೀಚಿನ ಅಂದರೆ ಎಷ್ಟು ದಿನ? ಹೊರಗಿನ ಲ್ಯಾಬಿನ ರಿಪೋರ್ಟ್ ನಡೆಯುತ್ತದಾ? ಸ್ಟ್ರೋಕ್ ರೋಗಿ ಬಂದಾಗಲೂ ತಡೆಯಬೇಕಾ? ಜಗಳ ಮುಗಿದ ಮೇಲೆ ಹೋದ ತಿಂಗಳ ಆರ್ಡರ್‌ಗಳ ಮೇಲೆ ಆ ನಿಯಮ ಓಡಿಸಿ ಎಷ್ಟು ಸಲ ಅಲರ್ಟ್ ಬರುತ್ತಿತ್ತು ಅಂತ ಎಣಿಸಲಿ. ದಿನಕ್ಕೆ ನಲವತ್ತು ಸಲ ಬರುವ ಅಲರ್ಟನ್ನು ಮೂರನೇ ದಿನದಿಂದ ಯಾರೂ ಓದುವುದಿಲ್ಲ, ಕಣ್ಣು ಮುಚ್ಚಿ ಓಕೆ ಒತ್ತುತ್ತಾರೆ.

ಹೆಜ್ಜೆ 6: ಎಐ ಮಾರಲು ಬಂದವರಿಗೆ ಕೇಳುವ ಪ್ರಶ್ನೆ

ಟಿಬಿ ತಪಾಸಣೆಯಲ್ಲಿ 15 ವರ್ಷ ದಾಟಿದವರ ಎದೆ ಎಕ್ಸ್‌ರೇ ನೋಡಲು ಕಂಪ್ಯೂಟರ್ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಸೆನ್ಸಿಟಿವಿಟಿ (ಕಾಯಿಲೆ ಇರುವವರನ್ನು ಹಿಡಿಯುವ ಪ್ರಮಾಣ) 90%, ಸ್ಪೆಸಿಫಿಸಿಟಿ (ಇಲ್ಲದವರನ್ನು ಇಲ್ಲ ಅನ್ನುವ ಪ್ರಮಾಣ) 90% ಅಂದುಕೊಳ್ಳೋಣ. ಕೇಳಲು ಭರ್ಜರಿಯಾಗಿದೆ, ಅಲ್ವಾ? ಸಾವಿರ ಜನರಲ್ಲಿ 10 ಜನಕ್ಕೆ ಟಿಬಿ ಇದೆ. ಸಾಫ್ಟ್‌ವೇರ್ 9 ಜನರನ್ನು ಹಿಡಿಯಿತು. ಉಳಿದ 990 ಜನರಲ್ಲಿ 99 ಜನಕ್ಕೆ ಸುಮ್ನೆ 'ಟಿಬಿ ಇರಬಹುದು' ಅಂದಿತು. ಒಟ್ಟು 108 ಜನರ ಕಡೆ ಬೆರಳು ತೋರಿಸಿದೆ, ನಿಜ ಇರುವುದು 9. ನೂರಕ್ಕೆ ಎಂಟು. ಅದೇ ಸಾಫ್ಟ್‌ವೇರನ್ನು ನೂರಕ್ಕೆ ಮೂವತ್ತು ಜನಕ್ಕೆ ಟಿಬಿ ಇರುವ ಚೆಸ್ಟ್ ಕ್ಲಿನಿಕ್‌ನಲ್ಲಿ ಇಟ್ಟರೆ? ಈ ಲೆಕ್ಕ ಪಿಜಿಗಳೇ ಬೋರ್ಡ್ ಮೇಲೆ ಮಾಡಲಿ. ನೂರಕ್ಕೆ ಸುಮಾರು ಎಂಬತ್ತು ಸರಿಯಾಗುತ್ತದೆ. ಸಾಫ್ಟ್‌ವೇರ್ ಬದಲಾಗಿಲ್ಲ, ಇಟ್ಟ ಜಾಗ ಬದಲಾಗಿದೆ ಅಷ್ಟೇ.

ಎರಡನೇ ಪಾಠ: ಮಾಡೆಲ್ ನಿಜವಾಗಿ ಏನನ್ನು ನೋಡುತ್ತಿದೆ? ನ್ಯುಮೋನಿಯಾ ಪತ್ತೆ ಮಾಡುವ ಮಾಡೆಲ್‌ಗಳ ಬಗ್ಗೆ 2018ರಲ್ಲಿ ಅಮೆರಿಕದಿಂದ ಬಂದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಎಕ್ಸ್‌ರೇ ಯಾವ ಆಸ್ಪತ್ರೆಯದು ಎಂಬುದನ್ನೇ ಮಾಡೆಲ್ ಗುರುತಿಸಬಲ್ಲದಾಗಿತ್ತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಜಾಸ್ತಿ ಇದ್ದರೆ ಆ ಗುರುತೇ ಅದಕ್ಕೆ ಸುಳಿವಾಗಿಬಿಡುತ್ತದೆ. ಹಾಸಿಗೆ ಹತ್ತಿರ ತೆಗೆದ ಪೋರ್ಟಬಲ್ ಫಿಲಂ ಕೂಡ ಅಂಥದೇ ಸುಳಿವು. ಹಾಗಾಗಿ "ಆಕ್ಯುರಸಿ ಎಷ್ಟು?" ಅಂತ ಕೇಳಿ ಸುಮ್ಮನಾಗಬಾರದು. ಯಾವ ಜನರ, ಯಾವ ಯಂತ್ರದ ಚಿತ್ರಗಳ ಮೇಲೆ ಪರೀಕ್ಷೆ ಮಾಡಿದ್ದೀರಿ? ನಮ್ಮ ಹಳೆಯ ಎಕ್ಸ್‌ರೇಗಳ ಮೇಲೆ, ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು, ನಮ್ಮಲ್ಲೇ ಕೂತು ಓಡಿಸಿ ತೋರಿಸುತ್ತೀರಾ? 2020ರ ಏಪ್ರಿಲ್ 1ರಿಂದ ಇಂಥ ಸಾಫ್ಟ್‌ವೇರ್ ಕೂಡ ನಮ್ಮ ಕಾನೂನಿನಲ್ಲಿ ವೈದ್ಯಕೀಯ ಸಾಧನವೇ. ಪರವಾನಗಿ ಪತ್ರ ಕೇಳಲು ಸಂಕೋಚ ಪಡಬೇಕಿಲ್ಲ.

ಹೆಜ್ಜೆ 7: ಒಂದೊಂದು ಪುಟ್ಟ ಪ್ರಾಜೆಕ್ಟ್

ಆಸಕ್ತಿ ಇರುವವರಿಗೆ ಮೂರು ತಿಂಗಳ ಒಂದು ಕೆಲಸ ಕೊಡಿ. ನನ್ನ ಮೊದಲ ಆಯ್ಕೆ ಯಾವಾಗಲೂ ಟರ್ನ್‌ಅರೌಂಡ್ ಟೈಮ್. ಎಮರ್ಜೆನ್ಸಿ ಸಿಟಿಗೆ ಆರ್ಡರ್ ಹಾಕಿದ್ದು ಎಷ್ಟಕ್ಕೆ, ಸ್ಕ್ಯಾನ್ ಎಷ್ಟಕ್ಕೆ, ರಿಪೋರ್ಟ್ ಎಷ್ಟಕ್ಕೆ. ಸರಳ ಅನಿಸುತ್ತದೆ. ಎಕ್ಸೆಲ್‌ಗೆ ಹಾಕಿದ ಕೂಡಲೇ ತಮಾಷೆ ಶುರು: ಕೆಲವು ರಿಪೋರ್ಟ್‌ಗಳು ಸ್ಕ್ಯಾನ್‌ಗಿಂತ ಏಳು ನಿಮಿಷ ಮೊದಲೇ ತಯಾರಾಗಿವೆ! ಸಿಟಿ ಯಂತ್ರದ ಗಡಿಯಾರ ಮುಂದೆ ಓಡುತ್ತಿದೆ, ಯಾರೂ ಅದನ್ನು ಸರ್ವರ್ ಸಮಯಕ್ಕೆ ಹೊಂದಿಸಿಲ್ಲ. ಇನ್ನು ಕೆಲವು ಸರಿಯಾಗಿ ಐದೂವರೆ ಗಂಟೆ ಆಚೀಚೆ. ಅಂದರೆ ಒಂದು ಸಿಸ್ಟಂ ಭಾರತೀಯ ಸಮಯ ಬರೆಯುತ್ತಿದೆ, ಇನ್ನೊಂದು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯ. ಬೆಂಗಳೂರಿನಲ್ಲಿ ಹಗಲು ಹೊತ್ತು ಕೂತು ಅಮೆರಿಕದ ರಾತ್ರಿಯ ಸ್ಕ್ಯಾನ್ ಓದುವ ಟೆಲಿರೇಡಿಯಾಲಜಿಯವರು ಟೈಮ್‌ಝೋನ್ ಬಗ್ಗೆ ಮೈಯೆಲ್ಲ ಕಣ್ಣಾಗಿರುತ್ತಾರೆ. ಒಂದೇ ಕಟ್ಟಡದೊಳಗೂ ಅದೇ ಎಚ್ಚರ ಬೇಕಾಗುತ್ತದೆ ಅಂತ ಪಿಜಿಗಳಿಗೆ ಆಗ ಗೊತ್ತಾಗುತ್ತದೆ.

ಗಡಿಯಾರ ಸರಿಮಾಡಿದ ಮೇಲೆ ಸರಾಸರಿ ಬೇಡ, ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ತೆಗೆಯಲಿ. ರಾತ್ರಿ ಉಳಿದುಹೋದ ಎರಡೇ ಕೇಸ್ ಸರಾಸರಿಯನ್ನು ಎಲ್ಲಿಂದ ಎಲ್ಲಿಗೋ ಎಳೆದುಬಿಡುತ್ತವೆ. ಇಲ್ಲಿಗೆ ಬಂದಾಗ "ಸರ್, ಸ್ವಲ್ಪ ಪೈಥಾನ್ ಕಲಿತರೆ ಇದು ಬೇಗ ಆಗುತ್ತಾ?" ಅಂತ ಅವರೇ ಕೇಳುತ್ತಾರೆ. ಪೈಡೈಕಾಮ್, ಪಾಂಡಾಸ್ ಎಂಬ ಪೈಥಾನ್ ಸಲಕರಣೆಗಳನ್ನು ಕಲಿಸಲು ಅದೇ ಸರಿಯಾದ ಹೊತ್ತು.

ಇನ್ನೆರಡು ಒಳ್ಳೆಯ ಪ್ರಾಜೆಕ್ಟ್: ಒಂದು, ಡಬಲ್ ಆಗಿರುವ ಯುಹೆಚ್‌ಐಡಿಗಳ ಪಟ್ಟಿ ಮಾಡಿ ಅವು ಯಾವ ಕೌಂಟರ್‌ನಲ್ಲಿ, ಯಾವ ಹೊತ್ತಿನಲ್ಲಿ ಹುಟ್ಟುತ್ತವೆ ಅಂತ ನೋಡುವುದು. ಎರಡು, ಸಿಸ್ಟಂ ಪೂರ್ತಿ ನಿಂತರೆ ಆಸ್ಪತ್ರೆ ಹೇಗೆ ನಡೆಯಬೇಕು ಅಂತ ಬರೆದು, ಮೊದಲೇ ಹೇಳಿ ಒಂದು ಗಂಟೆ ಅಣಕು ಡ್ರಿಲ್ ಮಾಡುವುದು.

ಕಲಿಸುವವರು ಯಾರು, ಅಳೆಯುವುದು ಹೇಗೆ

ಸೀನಿಯರ್ ಟೆಕ್ನಿಷಿಯನ್, ಎಂಆರ್‌ಡಿಯ ಹಳೆಯ ಕ್ಲರ್ಕ್, ಐಟಿಯವರು, ಬಯೋಮೆಡಿಕಲ್ ಎಂಜಿನಿಯರ್. ಈ ನಾಲ್ವರನ್ನು ಗೌರವದಿಂದ ಕರೆದು ಪಾಠ ಮಾಡಿಸಿ, ಸಂಭಾವನೆಯನ್ನೂ ಕೊಡಿಸಿ. ಕಂಪನಿಯವರನ್ನು ಕೊನೆಗೆ ಕರೆಯಿರಿ. ಅಷ್ಟು ಹೊತ್ತಿಗೆ ಪಿಜಿಗಳಿಗೆ ಕೇಳಲು ಪ್ರಶ್ನೆಗಳಿರುತ್ತವೆ.

ಪರೀಕ್ಷೆಗೆ ಎಂಸಿಕ್ಯು ಬೇಡ. ಒಂದು ಸಮಸ್ಯೆ ಕೊಡಿ: "ವಾರ್ಡ್‌ನಲ್ಲಿ ರಿಪೋರ್ಟ್ ಕಾಣುತ್ತಿದೆ, ಚಿತ್ರ ಕಾಣುತ್ತಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡುತ್ತೀರಿ?" ಆಕ್ಸೆಷನ್ ನಂಬರ್ ಹೊಂದಿದೆಯಾ, ಸಿಟಿಯಿಂದ ಚಿತ್ರ ಪ್ಯಾಕ್ಸ್‌ಗೆ ಬಂದಿದೆಯಾ, ಬೇರೆ ಐಡಿಯಡಿ ಕೂತಿದೆಯಾ, ವಾರ್ಡ್‌ನವರಿಗೆ ನೋಡುವ ಅನುಮತಿ ಇದೆಯಾ ಅಂತ ಒಂದೊಂದಾಗಿ ಕೇಳುತ್ತಾ ಹೋದರೆ ಪಾಸ್. ಸೀದಾ "ಐಟಿಗೆ ಫೋನ್ ಮಾಡುತ್ತೇನೆ" ಅಂದರೆ ಮತ್ತೆ ಒಂದನೇ ಹೆಜ್ಜೆಗೆ ಕಳಿಸಿ.

ಚೆನ್ನಾಗಿ ಕಲಿತವರಿಗೆ ವಾರಕ್ಕೆ ಎರಡು ಗಂಟೆ ಅಧಿಕೃತ ಸಮಯ ಕೊಡಿಸಿ, ಪರ್ಚೇಸ್ ಕಮಿಟಿಯಲ್ಲಿ ಒಂದು ಕುರ್ಚಿಯನ್ನೂ ಕೊಡಿಸಿ. ಹೊಸ ಪ್ಯಾಕ್ಸ್ ಟೆಂಡರ್ ಬಂದಾಗ ಅವರು ಮೊದಲು ಹುಡುಕಬೇಕಾದ ಷರತ್ತು ಒಂದಿದೆ. ಒಪ್ಪಂದ ಮುಗಿದ ದಿನ ನಮ್ಮ ಚಿತ್ರಗಳೆಲ್ಲ, ಅವುಗಳ ರಿಪೋರ್ಟ್ ಸಮೇತ, ಸ್ಟ್ಯಾಂಡರ್ಡ್ ಡೈಕಾಮ್ ರೂಪದಲ್ಲಿ, ಬೇರೆ ಶುಲ್ಕ ಇಲ್ಲದೆ ನಮ್ಮ ಕೈಗೆ ಬರಬೇಕು. ಟೆಂಡರ್‌ನಲ್ಲಿ ಆ ಸಾಲು ಇಲ್ಲದಿದ್ದರೆ ಸಹಿ ಹಾಕುವ ಮುಂಚೆಯೇ ಸೇರಿಸಲಿ.